ಗೋಡೆಗೆ ಹಚ್ಚಿದ ಗಾಜು

ನಾನು ನಿವೃತ್ತನಾದ ಮರುವರ್ಷದ ಬೇಸಿಗೆ. ಹೂವಿನಹಡಗಲಿಗೆ ಹತ್ತಿರದ ಒಂದು ಹಳ್ಳಿಯ ಮನೆಯಲ್ಲಿ, ಪಡಸಾಲೆಯ ಜಮಖಾನದ ಮೇಲೆ ಸೇರಿದ್ದೆವು. ಕಂಬಕ್ಕೆ ಒರಗಿ ಕೂತವರು ಆ ಮನೆತನದ ಹಿರಿಯ ಬಸಪ್ಪ. ಅವರ ಎದುರಿಗೆ ತಮ್ಮನ ಮಗ ಕೊಟ್ರೇಶ. ಸುತ್ತಲಿನ ಊರುಗಳಲ್ಲಿ ಮನೆ ಕಟ್ಟಿಸುವ ಗುತ್ತಿಗೆದಾರ, ಪಕ್ಕದ ಹೊಸ ಮನೆಯಲ್ಲಿ ವಾಸ. ಒಳಕೋಣೆಯ ಬಾಗಿಲಲ್ಲಿ ಬಡಿಗೆ ಹಿಡಿದು ಕೂತವಳು ಕೊಟ್ರೇಶನ ತಾಯಿ ನೀಲವ್ವ. ಎಲ್ಲರಿಗೂ ಚಹಾ ಕೊಟ್ಟು ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತವಳು ಗಂಗವ್ವ, ನೀಲವ್ವನ ಹಿರಿಯ ಸೊಸೆ. ಆಕೆಯ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಗಂಡ ಕಟ್ಟಿಸಿದ ಆ ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು.

ಸರ್ಕಾರಿ ಕಟ್ಟಡಗಳ ಕೆಲಸದಲ್ಲಿ ಸಹಾಯಕ ಇಂಜಿನಿಯರ್ ಆಗಿ ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಂದು ಸುತ್ತಿ ಸವೆದವನು ನಾನು. ಬಸಪ್ಪನವರು ನನ್ನನ್ನು ಕರೆಸಿದ್ದು ಒಂದೇ ಮಾತಿಗೆ: ಈ ಮನೆ ನಿಲ್ಲುತ್ತದೋ, ಬೀಳುತ್ತದೋ. ಬೀಳುತ್ತದೆ ಎಂದು ನಾನಂದರೆ ಗಂಗವ್ವ ಕೊಟ್ಟೂರಿನ ತವರಿಗೆ ಹೋಗಬೇಕು, ಮನೆ ಕೆಡವಬೇಕು, ಆ ಜಾಗದಲ್ಲಿ ಕೊಟ್ರೇಶ ತನ್ನ ಮನೆಯನ್ನು ಹಿಗ್ಗಿಸಬೇಕು. ಮಾತು ಅಲ್ಲಿಗೆ ಬಂದು ನಿಂತಿತ್ತು. ಗಂಗವ್ವನ ತವರಿನಲ್ಲಿ ಈಗ ಅಣ್ಣನ ಸಂಸಾರವಷ್ಟೇ. ಅಲ್ಲಿ ಅವಳಿಗೆ ಮೂಲೆಯೂ ಇರಲಿಲ್ಲವೆಂದು ಬಸಪ್ಪನವರೇ ಮೆಲ್ಲಗೆ ಹೇಳಿದ್ದರು.

ಬಿರುಕು ಸಣ್ಣದೇನಲ್ಲ. ಒಳಕೋಣೆಯ ಕಿಟಕಿಯ ಮೂಲೆಯಿಂದ ಹೊರಟು, ಇಟ್ಟಿಗೆಯ ಸಂದಿ ಹಿಡಿದು, ಮೆಟ್ಟಿಲು ಮೆಟ್ಟಿಲಾಗಿ ಸೂರಿನವರೆಗೆ ಹತ್ತಿತ್ತು. ಬೆರಳು ತೂರುವಷ್ಟು ಅಗಲ. ಒಳಗಿನಿಂದ ನೋಡಿದರೆ ಹೊರಗಿನ ಬೆಳಕು ಕಾಣುತ್ತಿತ್ತು.

“ಮನಿನ ಆಕೀನ್ನ ಒಲ್ಲೆ ಅನ್ನಾಕತ್ತೈತ್ರಿ ಸಾಹೇಬ್ರ,” ಎಂದ ಕೊಟ್ರೇಶ. “ನಮ್ಮಣ್ಣ ಇರೋತನಕ ಈ ಗ್ವಾಡಿಗೆ ಕೂದಲೆಳಿಯಷ್ಟು ಬಿರುಕು ಇರಲಿಲ್ಲ.”

ನೀಲವ್ವ ಬಡಿಗೆಯನ್ನು ನೆಲಕ್ಕೆ ಕುಟ್ಟಿದಳು. “ನನ್ನ ಮಗನ್ನ ತಿಂದಾಕಿ. ಗ್ವಾಡಿ ಬಿಡ್ತಾಳೇನು?”

ಗಂಗವ್ವ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆ ಮಾತು ಅವಳಿಗೆ ಹೊಸದಲ್ಲ ಎಂಬುದು ಅವಳ ನಡಿಗೆಯಲ್ಲೇ ಗೊತ್ತಾಗುತ್ತಿತ್ತು.

ನಾನು ಹೊರಗೆ ಹೋಗಿ ಗೋಡೆಯ ಬುಡ ನೋಡಿದೆ. ಅಲ್ಲಿ ಮಲ್ಲಿಗೆ. ಬುಡಕ್ಕೇ ಒತ್ತಿಕೊಂಡು, ಗೋಡೆಯ ಉದ್ದಕ್ಕೂ, ತುಂಬು ಹಸುರಾಗಿ ಮೊಗ್ಗು ಬಿಟ್ಟ ಸಾಲು. ಅಣ್ಣ ತೀರಿದ ತಿಂಗಳಲ್ಲೇ ಕೊಟ್ರೇಶ ತಾನೇ ಕಡ್ಡಿ ತಂದು ನೆಟ್ಟು, ತನ್ನ ಬೋರಿನಿಂದ ಪೈಪು ಎಳೆದು ಕೊಟ್ಟನಂತೆ. ವಿಧವೆ ಅತ್ತಿಗೆಯ ಕೈಗೆ ಹೂವಿನ ಆದಾಯ ಮಾಡಿಕೊಟ್ಟ ಮೈದುನ ಎಂದು ಊರು ಹೊಗಳಿತ್ತು. ಗಂಗವ್ವ ನಿಜಕ್ಕೂ ಆ ಹೂವಿನಿಂದಲೇ ಉಣ್ಣುತ್ತಿದ್ದಳು. ದಿನಾ ಬೆಳಿಗ್ಗೆ ಸಂಜೆ ನೀರು ಬಿಡು, ಗಿಡ ಬಾಡಬಾರದು ಎಂದು ಅವನು ತಪ್ಪದೆ ನೆನಪು ಮಾಡುತ್ತಿದ್ದನಂತೆ.

ಇಲ್ಲಿ ನಮ್ಮ ಎರೆ ಮಣ್ಣಿನ ಗುಣ ಹೇಳಬೇಕು. ಈ ಕರಿ ಮಣ್ಣು ನೀರು ಕುಡಿದರೆ ಹಿಟ್ಟಿನಂತೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಾಯಿ ಬಿಡುತ್ತದೆ. ಮನೆಯ ಸುತ್ತ ಎಲ್ಲ ಕಡೆ ಒಂದೇ ಸಮ ಉಬ್ಬಿ ಒಂದೇ ಸಮ ಕುಗ್ಗಿದರೆ ಮನೆ ಹೇಗೋ ತಡೆದುಕೊಳ್ಳುತ್ತದೆ. ಒಂದು ಮಗ್ಗುಲು ದಿನಾ ಕುಡಿದು, ಇನ್ನೊಂದು ಮಗ್ಗುಲು ಬೇಸಿಗೆಯಲ್ಲಿ ಒಣಗಿದರೆ ಮಾತ್ರ ತಳಪಾಯ ಒಂದು ಕಡೆ ಎದ್ದು ಗೋಡೆ ಹರಿಯುತ್ತದೆ. ಅದಕ್ಕೇ ತಿಳಿದವರು ಪಾಯದಲ್ಲಿ ನೀರಿಗೆ ಉಬ್ಬದ ಗರಸು ಮಣ್ಣು ತುಂಬಿ, ಗೋಡೆಯ ಸುತ್ತ ಹೊರಕ್ಕೆ ಇಳಿಜಾರಾಗಿ ಹಾಸುಗಲ್ಲು ಹಾಕುತ್ತಾರೆ. ನಾವು ಅದನ್ನು ಪ್ಲಿಂತ್ ಪ್ರೊಟೆಕ್ಷನ್ ಎನ್ನುತ್ತೇವೆ. ಕೊಡೆ ತಲೆಯನ್ನು ಕಾಯುವ ಹಾಗೆ ಅದು ತಳಪಾಯವನ್ನು ಕಾಯುತ್ತದೆ.

ಗಂಗವ್ವನ ಗಂಡ ಅದನ್ನು ಹಾಕಿಸಿದ್ದ. ಕಲ್ಲು ಕಿತ್ತ ಗುರುತು ಮಣ್ಣಿನಲ್ಲಿ ಇನ್ನೂ ಇತ್ತು. ಕಲ್ಲು ಎಲ್ಲಿ ಎಂದು ಹುಡುಕುವ ಕಷ್ಟ ಬೀಳಲಿಲ್ಲ. ಕೊಟ್ರೇಶನ ಮನೆಯ ಸುತ್ತ ಅವೇ ಕಲ್ಲು, ಅಚ್ಚುಕಟ್ಟಾಗಿ, ಹೊರಕ್ಕೆ ಇಳಿಜಾರಾಗಿ ಕೂತಿದ್ದವು. ಅಲ್ಲಿ ಒಂದು ತುಳಸಿ ಗಿಡವೂ ಗೋಡೆಗೆ ತಾಗಿರಲಿಲ್ಲ.

ಪಡಸಾಲೆಗೆ ಬಂದು ಕಂಡದ್ದನ್ನು ಕಂಡ ಹಾಗೆ ಹೇಳಿದೆ. ಕೊಟ್ರೇಶ ನಕ್ಕ.

“ನಾನೇನು ಇಸಾ ಹಚ್ಚೀನೇನ್ರಿ? ಮಲ್ಲಿಗಿ ಹಚ್ಚೀನಿ.”

“ಹಂಗಾರ ನಿಮ್ಮ ಗ್ವಾಡಿಗ್ಯಾಕ ಹಚ್ಚಿಲ್ಲ?” ಎಂದೆ.

“ನಮ್ಮ ಮನಿಯಾಕಿಗೆ ಹೂವಿನ ವಾಸನಿ ಆಗಂಗಿಲ್ರಿ.”

ಆಗ ಅವನ ಹೆಂಡತಿ ಪಕ್ಕದ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದಳು. ತುರುಬಿನಲ್ಲಿ ಮೊಳದುದ್ದ ಮಲ್ಲಿಗೆ. ಬಸಪ್ಪನವರು ಅದನ್ನು ನೋಡಿದರು, ತಲೆ ಬಗ್ಗಿಸಿದರು.

ಗಿಡ ತೆಗೆದು, ನೀರು ನಿಲ್ಲಿಸಿ, ಮಣ್ಣು ನಿಧಾನಕ್ಕೆ ಆರಲು ಬಿಟ್ಟು, ಮಳೆಗೆ ಮುಂಚೆ ಕಲ್ಲು ಮತ್ತೆ ಹಾಕಿದರೆ ಮನೆ ಉಳಿಯುತ್ತದೆ ಎಂದು ನಾನು ಹೇಳಿದೆ. ಹೂವನ್ನು ಹತ್ತಡಿ ಆಚೆ ನೆಡಬಹುದಿತ್ತು. ಆದರೆ ಎರಡಡಿ ಆಚೆಯಿಂದಲೇ ನೆಲ ಕೊಟ್ರೇಶನದು. ಹೊಸ್ತಿಲ ಹತ್ತಿರ ನಿಂತಿದ್ದ ಗಂಗವ್ವ ಮೊದಲ ಬಾರಿ ಬಾಯಿ ತೆರೆದಳು.

“ಕಿತ್ತರ ಉಣ್ಣೋದೇನ್ರಿ ಸಾಹೇಬ್ರ? ಕೀಳದಿದ್ರ ಮಲಗೋದೆಲ್ಲಿ?”

ಅವಳೇ ಗುದ್ದಲಿ ತಂದಳು. ಮೊಗ್ಗು ತುಂಬಿದ ಗಿಡಗಳನ್ನು ಒಂದೊಂದಾಗಿ ಬುಡಸಮೇತ ಎಬ್ಬಿಸಿದಳು. ಕೊಟ್ರೇಶ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದ. ಕಲ್ಲು ಹಿಂದಕ್ಕೆ ಕೊಡಲೇಬೇಕೆಂದು ಬಸಪ್ಪನವರು ಗದರಿದ ಮೇಲೆ ಟ್ರ್ಯಾಕ್ಟರಿನಲ್ಲಿ ತುಂಬಿಸಿ ಅವಳ ಅಂಗಳಕ್ಕೆ ಸುರಿಸಿದ. ಅರ್ಧಕ್ಕರ್ಧ ಒಡೆದವು. ಆ ಒಡಕನ್ನೇ ಗಂಗವ್ವ ಗರಸಿನ ಮೇಲೆ ಜೋಡಿಸಿ ಸಂದಿಗೆ ಸಿಮೆಂಟು ಮೆತ್ತಿಸಿದಳು. ಅಂದಿನಿಂದ ಬೇರೆಯವರ ತೋಟದಲ್ಲಿ ಹೂವು ಬಿಡಿಸುವ ಕೂಲಿಗೆ ಹೊರಟಳು.

ಮಳೆಗಾಲದ ಮುಂಚೆ ನಾನು ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಹಚ್ಚಿದೆ. ಒಳಗೊಂದು, ಹೊರಗೊಂದು, ಎರಡೂ ತುದಿಗೆ ಸಿಮೆಂಟು. ಇದಕ್ಕೆ ಟೆಲ್‌ಟೇಲ್ ಎನ್ನುತ್ತಾರೆ. ಗೋಡೆ ಒಂದಿಷ್ಟು ಅಲುಗಿದರೂ ಗಾಜು ಸಿಡಿಯುತ್ತದೆ. ಪಕ್ಕದಲ್ಲಿ, ಬಿರುಕಿನ ಆಚೆ ಈಚೆ, ಪೆನ್ಸಿಲಿನಿಂದ ಒಂದೊಂದು ಗೆರೆ ಎಳೆದು ನಡುವಿನ ಅಂತರ ಅಳೆದಿಟ್ಟುಕೊಂಡೆ. ಮಳೆಗಾಲ ಮುಗಿಯುವತನಕ ಗಾಜು ಉಳಿದರೆ ಮನೆ ಗಂಗವ್ವನದು, ಒಡೆದರೆ ಕೆಡವುವುದು ಎಂದು ಬಸಪ್ಪನವರು ತೀರ್ಮಾನ ಹೇಳಿದರು. ಎಲ್ಲರೂ ಒಪ್ಪಿದರು.

ದೀಪಾವಳಿ ಕಳೆದ ಮೇಲೆ ಕರೆ ಬಂತು. ಗಾಜು ಒಡೆದಿತ್ತು.

ನಾನು ಹೋದಾಗ ಪಡಸಾಲೆಯಲ್ಲಿ ಅದೇ ಜನ ಸೇರಿದ್ದರು. ಗಂಗವ್ವ ಬಟ್ಟೆಬರೆಯನ್ನು ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು. ಕೊಟ್ರೇಶ ಜೆಸಿಬಿಯವನಿಗೆ ಆಗಲೇ ಹೇಳಿಯಾಗಿತ್ತು. ಒಳಕೋಣೆಯ ಗಾಜು ನಡುವೆ ನುಗ್ಗಾಗಿ, ಚೂರುಗಳು ನೀಲವ್ವನ ಹಾಸಿಗೆಯ ಅಂಚಿಗೆ ಬಿದ್ದಿದ್ದವು. ಗೆರೆಗಳ ಅಂತರ ಅಳೆದೆ. ಒಂದಿಷ್ಟೂ ಹೆಚ್ಚಿರಲಿಲ್ಲ. ಹೊರಗೆ ಹೋಗಿ ನೋಡಿದೆ. ಅದೇ ಗೋಡೆ, ಅದೇ ಬಿರುಕು. ಹೊರಗಿನ ಗಾಜು ಹಚ್ಚಿದಾಗ ಹೇಗಿತ್ತೋ ಹಾಗೆಯೇ ಇತ್ತು.

ಬಸಪ್ಪನವರನ್ನು ಕರೆದು ಎರಡನ್ನೂ ತೋರಿಸಿದೆ. ಗೋಡೆ ಅಲುಗಿಲ್ಲ, ಒಳಗಿನ ಗಾಜಿಗೆ ಯಾರೋ ಹೊಡೆದಿದ್ದಾರೆ ಎಂದೆ. ಒಳಗೆ ಮಲಗುವವರು ಇಬ್ಬರೇ. ಬಸಪ್ಪನವರು ನೀಲವ್ವನ ಮುಂದೆ ಹೋಗಿ ನಿಂತರು.

“ನಾನ ಒಡದೀನಿ,” ಎಂದಳು ಮುದುಕಿ, ದನಿಯಲ್ಲಿ ಅಳುಕಿಲ್ಲದೆ. “ಬಡಗೀಲೆ. ಹೊಸ ಮನ್ಯಾಗ ನನಗೊಂದು ಖೋಲಿ ಕೊಡ್ತೀನಂದಾನ ಸಣ್ಣಾವ. ಈಕಿ ಕೈಯಾಗಿನ ಕೂಳು ಎಷ್ಟು ದಿನ ತಿನ್ನಲಿ?”

ಎಲ್ಲರೂ ಕೊಟ್ರೇಶನ ಕಡೆ ತಿರುಗಿದರು. ಅವನು ಎದ್ದು ಧೋತರ ಕೊಡವಿದ.

“ನಾನೇನು ಒಡಿ ಅಂದಿದ್ನೇನು? ಮುದಿಕಿಗೆ ಬುದ್ಧಿ ಕೆಟ್ಟೈತಿ. ಖೋಲಿ ಅಂತ, ಖೋಲಿ.” ಚಪ್ಪಲಿ ಮೆಟ್ಟಿಕೊಂಡು ಹೋದ. “ಏ ತಮ್ಮಾ” ಎಂದು ನೀಲವ್ವ ಎರಡು ಸಲ ಕೂಗಿದಳು. ಅವನು ತಿರುಗಿ ನೋಡಲಿಲ್ಲ.

ಗಂಗವ್ವ ಗಂಟು ಬಿಚ್ಚಿ ಸೀರೆಗಳನ್ನು ಒಳಗಿಟ್ಟು ಬಂದಳು. ಒಡೆದ ಚೂರುಗಳನ್ನು ಗುಡಿಸಿ ತೆಗೆದಳು. ಆಮೇಲೆ ನನ್ನನ್ನು ಕೇಳಿದಳು: “ಇನ್ನೊಂದು ಗಾಜು ಐತೇನ್ರಿ?”

ಇನ್ನು ಅದರ ಅಗತ್ಯವಿಲ್ಲ, ಗೋಡೆ ಗಟ್ಟಿ ಕೂತಿದೆ, ಬಿರುಕು ತುಂಬಿಸಿಬಿಡು ಎಂದೆ.

“ಇರ್ಲಿ, ಹಚ್ರಿ. ಅತ್ತಿ ಮಲಗಿದ್ರ ಕಣ್ಣಿಗೆ ಬೀಳಬೇಕು, ಹಂಗ ಹಚ್ರಿ.”

ಹಚ್ಚಿದೆ. ನೀಲವ್ವ ಮುಖವನ್ನು ಆಚೆ ತಿರುಗಿಸಿದಳು.

ಮನೆ ಕಟ್ಟಿಸಿದವರು ಈಗಲೂ ನನ್ನನ್ನು ತಳಪಾಯ ಕಾಯುವುದು ಹೇಗೆಂದು ಕೇಳುತ್ತಾರೆ. ಬಚ್ಚಲ ನೀರು, ಸೂರಿನ ನೀರು ಬುಡದಲ್ಲಿ ನಿಲ್ಲಬಾರದು, ಗಿಡ ದೂರ ಇರಲಿ, ಹಾಸುಗಲ್ಲಿನ ಸಂದಿಯನ್ನು ಪ್ರತಿ ಮಳೆಗಾಲದ ಮುಂಚೆ ಮುಚ್ಚಿಸಿ ಎನ್ನುತ್ತೇನೆ. ಬಿರುಕು ಕಂಡಾಗ ಮೊದಲು ಗೋಡೆಯನ್ನಲ್ಲ, ನೀರಿನ ದಾರಿಯನ್ನು ನೋಡಿ ಎನ್ನುತ್ತೇನೆ. ಆ ನೀರನ್ನು ಅಲ್ಲಿಗೆ ತಂದವರು ಯಾರು ಎಂದು ಕೇಳುವುದನ್ನೂ ನನಗೆ ಆ ಮನೆಯೇ ಕಲಿಸಿತು.

ಮುಂದಿನ ವರ್ಷ ಚಳಿಗಾಲದಲ್ಲಿ ನೀಲವ್ವ ಅದೇ ಕೋಣೆಯಲ್ಲಿ ತೀರಿಕೊಂಡಳು. ಗಂಗವ್ವ ಕೊನೆಯತನಕ ಹೊತ್ತಿಗೆ ಸರಿಯಾಗಿ ಹಾಲಿನಲ್ಲಿ ರೊಟ್ಟಿ ನೆನೆಸಿ ಕೊಟ್ಟಳಂತೆ. ಒಂದು ಮಾತು ಮಾತ್ರ ಆಡಲಿಲ್ಲವಂತೆ. ಮಣ್ಣು ಮಾಡಿದ ಮೂರನೆಯ ದಿನ ಕುಡುಗೋಲಿನಿಂದ ಗೋಡೆಯ ಗಾಜನ್ನು ಎಬ್ಬಿಸಿದಳು ಎಂದು ಬಸಪ್ಪನವರು ಫೋನಿನಲ್ಲಿ ಹೇಳಿದರು. ಗಾಜು ಇಡಿಯಾಗಿಯೇ ಇತ್ತಂತೆ. ಅದನ್ನು ತಿಪ್ಪೆಗೆ ಹಾಕಿ, ಕೈ ತೊಳೆದುಕೊಂಡು, ಹೂವು ಬಿಡಿಸಲು ಹೋದಳು.