ಟೆಂಪರರಿ ಟೇಬಲ್ಲಿಗೆ ಹೋದ ಹಾಜರಿ

ನನಗೆ ಬಾಯಿ ಜಾಸ್ತಿ. ಕೆಲಸ ಬಲ್ಲೆನೆಂಬ ಜಂಬವೂ ಜಾಸ್ತಿ. ಇವೆರಡೂ ಸೇರಿ ಒಬ್ಬ ಹೆಂಗಸಿನ ಮನೆ ಕಳೆದದ್ದನ್ನು ಬರೆಯಲು ಕೂತಿದ್ದೇನೆ. ಬರೆದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗೆ ಆ ನಂಬಿಕೆ ಇಲ್ಲ.

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದ ಅಂಗಡಿಯ ಮಾಳಿಗೆಯಲ್ಲಿ ನನ್ನ ಕೋಣೆ. ತೋಟಗಳಲ್ಲಿ ಸಾಲಾಗಿ ಕಟ್ಟಿದ ಲೈನ್ ಮನೆಗಳಲ್ಲಿರುವ ಕೂಲಿಯವರಿಗೆ ಹಕ್ಕುಪತ್ರ ಕೊಡಿಸಲು ಓಡಾಡುವ ಏಳೆಂಟು ಜನರ ಒಂದು ಗುಂಪಿದೆ. ಅವರು ಹುಡುಕಿ ತರುವ ಹಳೆಯ ಕಾಗದಗಳನ್ನು ಡೇಟಾಬೇಸಿಗೆ ಏರಿಸುವುದು ನನ್ನ ಕೆಲಸ. ಯಾರು ಯಾವ ಲೈನಿನಲ್ಲಿ ಯಾವಾಗಿನಿಂದ ಇದ್ದಾರೆ ಎಂಬುದಕ್ಕೆ ಪುರಾವೆ ಬೇಕು. ರೇಷನ್ ಕಾರ್ಡು ಈಚಿನದು. ಅದಕ್ಕೂ ಹಿಂದಿನ ಕಾಲಕ್ಕೆ ಹೆಚ್ಚಿನವರ ಕೈಯಲ್ಲಿ ಏನೂ ಇರುವುದಿಲ್ಲ.

ಕಡಹಿನಬೈಲು ಕಡೆಯ ಆ ಹೆಂಗಸು ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಬಂದರು. ಅರವತ್ತು ದಾಟಿರಬಹುದು. ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ ಸುತ್ತಿದ ಉದ್ದನೆಯ ಪುಸ್ತಕ. ಅವರು ಹುಟ್ಟಿ ಬೆಳೆದು, ಮದುವೆಯಾಗಿ, ಗಂಡನನ್ನು ಕಳೆದುಕೊಂಡು, ಆಗಲೂ ಇದ್ದ ಲೈನ್ ಮನೆ ಒಂದೇ. ಆ ತೋಟ ಮಾರಾಟವಾಗಿತ್ತು. ಕೊಂಡವರು ಲೈನ್ ಖಾಲಿ ಮಾಡಿಸುತ್ತಾರೆಂದು ಎಲ್ಲರ ಬಾಯಲ್ಲೂ ಇತ್ತು. ಹಕ್ಕುಪತ್ರವೊಂದು ಸಿಕ್ಕಿದರೆ ಮಾತ್ರ ಆ ಒಂದೂವರೆ ಕೋಣೆ ಅವರಿಗೆ ಉಳಿಯುತ್ತಿತ್ತು. ತೋಟದ ಹಳೆಯ ಯಜಮಾನಿತಿ ಪಾಪ ಒಳ್ಳೆಯವರು, ಅಟ್ಟ ಜಾಲಾಡಿ ಒಂದು ಹಾಜರಿ ಪುಸ್ತಕ ಹುಡುಕಿ ಕೊಟ್ಟಿದ್ದರು. ಸಂಜೆಗೆ ವಾಪಸು ತಂದುಕೊಡಬೇಕು, ವಿಚಾರಣೆಯ ದಿನ ಮತ್ತೆ ಕೊಡುತ್ತೇನೆ ಎಂದಿದ್ದರಂತೆ.

ಪೆನ್ಸಿಲಿನ ಬರಹ. ಹಾಳೆ ಕಂದಿ ಕಾಫಿ ಬಣ್ಣಕ್ಕೆ ತಿರುಗಿತ್ತು. ಫೋನಿನಲ್ಲಿ ಫೋಟೋ ತೆಗೆದು ನೋಡಿದೆ, ಒಂದಕ್ಷರವೂ ಬರಲಿಲ್ಲ. ಕಿಟಕಿಗೆ ಹಿಡಿದು ಓರೆ ಮಾಡಿದರೆ ಮಾತ್ರ ಹೆಸರುಗಳು ಕಾಣುತ್ತಿದ್ದವು. ಹಾಗಾಗಿ ಓರೆ ಮಾಡಿ ಓದುವುದು, ಕೆಳಗಿಟ್ಟು ಟೈಪ್ ಮಾಡುವುದು. ಅವರು ಇಡೀ ದಿನ ಸ್ಟೂಲಿನ ಮೇಲೆ ಕೂತೇ ಇದ್ದರು. ಓದಲು ಬಾರದವರು, ಆದರೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವರ ತಾಯಿಯ ಹೆಸರು ಸಿಕ್ಕಿತು. ಜೋರಾಗಿ ಓದಿದೆ.

“ಮತ್ತೊಂದ್ಸಲ ಹೇಳಿ ಅಮ್ಮಾ” ಎಂದು ನನ್ನನ್ನು ಕೇಳಿದರು. ಮತ್ತೆ ಓದಿದೆ. ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ಪರದೆಯ ಮೇಲೆ ಆ ಹೆಸರನ್ನು ಒಂದು ಬೆರಳಲ್ಲಿ ಮುಟ್ಟಿದರು.

ಇನ್ನೂ ಕೆಲವು ಹಾಳೆ ಕಳೆದ ಮೇಲೆ ತಾಯಿಯ ಸಾಲಿನಲ್ಲಿ ಒಂದು ತಿಂಗಳು ಅರ್ಧಕ್ಕರ್ಧ ಖಾಲಿ ಇತ್ತು. ಗೈರಾದ ಮೊದಲ ದಿನದ ಎದುರು, ಅಂಚಿನಲ್ಲಿ, ತೋಟದ ಲೆಕ್ಕ ಬರೆಯುವ ರೈಟರು ಸಣ್ಣ ಅಕ್ಷರದಲ್ಲಿ ಬರೆದಿದ್ದರು: ಲೈನಿನಲ್ಲಿ ಹೆರಿಗೆ, ಹೆಣ್ಣು.

“ಅಕ್ಕ, ಇದು ನೀವೇ” ಎಂದೆ. ತಾರೀಖನ್ನೂ ಓದಿದೆ. ತಾಯಿಗೆ ಅವರೊಬ್ಬರೇ ಮಗಳು.

ಅವರು ನಕ್ಕುಬಿಟ್ಟರು. ತಾವು ಹುಟ್ಟಿದ ದಿನ ಯಾವುದೆಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಚೀಟಿಯಲ್ಲಿ ಬರೆದುಕೊಡಲೇ ಎಂದು ಕೇಳಿದೆ.

“ಚೀಟಿ ಎಂತಕ್ಕೆ? ನನ್ ಹತ್ರ ಇದ್ರೆ ಕಳ್ದು ಹೋಗ್ತದೆ. ಅದ್ರಲ್ಲೇ ಇರ್ಲಿ ಬಿಡಿ” ಎಂದು ಕಂಪ್ಯೂಟರ್ ತೋರಿಸಿದರು.

ಇಲ್ಲಿ ನನ್ನ ಪದ್ಧತಿಯೊಂದನ್ನು ಹೇಳಬೇಕು. ಹೊಸದಾಗಿ ಟೈಪ್ ಮಾಡಿದ್ದನ್ನು ನಾನು ನೇರವಾಗಿ ಮುಖ್ಯ ಟೇಬಲ್ಲಿಗೆ ಹಾಕುತ್ತಿರಲಿಲ್ಲ. ಮೊದಲು ಟೆಂಪರರಿ ಟೇಬಲ್. ಡೇಟಾಬೇಸಿನ ಜೊತೆ ನನ್ನ ಸಂಪರ್ಕ ಇರುವಷ್ಟು ಹೊತ್ತು ಮಾತ್ರ ಅದು ಇರುತ್ತದೆ, ಸಂಪರ್ಕ ಕಡಿದರೆ ಹೋಯಿತು. ಅದರಲ್ಲಿಟ್ಟು, ತಪ್ಪು ತಿದ್ದಿ, ಎರಡು ಸಲ ನೋಡಿ, ಆಮೇಲೆ ಮುಖ್ಯ ಟೇಬಲ್ಲಿಗೆ. ಕಸ ಒಳಗೆ ಬರಬಾರದೆಂದು ನಾನೇ ಮಾಡಿದ ನಿಯಮ ಇದು. ಗುಂಪಿನವರ ಮುಂದೆ ಈ ಬಗ್ಗೆ ಕೊಚ್ಚಿಕೊಂಡದ್ದೂ ಉಂಟು.

ನಾಲ್ಕು ಗಂಟೆಗೆ ಕೊನೆಯ ಹಾಳೆ ಮುಗಿಯಿತು. ಕಣ್ಣು ಉರಿಯುತ್ತಿತ್ತು. ತಿದ್ದುವುದು ನಾಳೆ ಎಂದುಕೊಂಡೆ. ಅವರು ಪುಸ್ತಕವನ್ನು ಚೀಲದಲ್ಲಿ ಸುತ್ತುವಾಗ ನನ್ನ ಬಾಯಿ ಸುಮ್ಮನಿರಲಿಲ್ಲ.

“ಇನ್ನು ಈ ಪುಸ್ತಕ ಏನಾದ್ರೂ ಚಿಂತೆ ಇಲ್ಲ ಅಕ್ಕ. ಎಲ್ಲಾ ಇದ್ರೊಳಗೆ ಬಂತು.”

“ಅಮ್ಮನೂ ಬಂತಾ?”

“ಅಮ್ಮನೂ ಬಂದ್ರು, ನೀವೂ ಬಂದ್ರಿ.”

ಮಷೀನನ್ನು ಹಾಗೆಯೇ ಚಾಲೂ ಬಿಟ್ಟು ಮನೆಗೆ ಹೋದೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ಪರದೆ ಕಪ್ಪು. ಕರೆಂಟು ಹೋಗಿ ಬಂದಿತ್ತು. ಇನ್ವರ್ಟರಿನ ಬ್ಯಾಟರಿ ಬದಲಿಸಬೇಕೆಂದು ಆರು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೆ. ಯೋಚನೆ ಮಾಡದೆ ಗುಂಡಿ ಒತ್ತಿದೆ. ಎದ್ದ ಕೂಡಲೇ ಡೇಟಾಬೇಸ್ ಹಿಂದಿನ ತಾತ್ಕಾಲಿಕ ಫೈಲುಗಳನ್ನೆಲ್ಲ ಗುಡಿಸಿ ಹಾಕುತ್ತದೆ ಎಂಬುದು ನನಗೆ ಗೊತ್ತಿದ್ದ ವಿಷಯವೇ. ಗುಂಡಿ ಒತ್ತಿದ ಮೇಲೆ ನೆನಪಾಯಿತು.

ಆ ಗಳಿಗೆಯಲ್ಲೇ ಯಜಮಾನಿತಿಗೆ ಫೋನ್ ಮಾಡಿ, ಹೀಗಾಯಿತು, ಪುಸ್ತಕ ಇನ್ನೊಂದು ಸಲ ಬೇಕು ಎಂದಿದ್ದರೆ ಈ ಬರಹದ ಅಗತ್ಯವೇ ಇರುತ್ತಿರಲಿಲ್ಲ. ಮಾಡಲಿಲ್ಲ. ನಾಚಿಕೆಯಾಯಿತು. ನಾನೇ ತೆಗೆದುಬಿಡುತ್ತೇನೆ, ಯಾರಿಗೂ ಗೊತ್ತಾಗುವುದು ಬೇಡ ಎಂದುಕೊಂಡೆ. ಡಿಸ್ಕ್ ಬಿಚ್ಚಿಕೊಂಡು ಶೃಂಗೇರಿಯ ಬಸ್ಸು ಹತ್ತಿದೆ. ಅಲ್ಲಿ ಅಳಿಸಿಹೋದ ಫೈಲುಗಳನ್ನು ಹುಡುಕಿ ತೆಗೆಯುವ ಪರಿಚಯದ ರಿಪೇರಿಯವರಿದ್ದರು.

ನಮಗೆ ಹೆಸರಿನಿಂದ ಕಾಣುವ ಟೇಬಲ್ಲುಗಳು ಡಿಸ್ಕಿನ ಮೇಲೆ ಬರಿಯ ನಂಬರಿನ ಫೈಲುಗಳು. ಈ ನಂಬರು ಯಾವ ಟೇಬಲ್ಲಿನದು ಎಂದು ಕೇಳಿದರೆ ಡೇಟಾಬೇಸ್ ಹೆಸರು ಹೇಳುತ್ತದೆ. ತಾತ್ಕಾಲಿಕದ್ದಕ್ಕೆ ಮಾತ್ರ ಹೇಳುವುದಿಲ್ಲ. ಅಂಥ ಫೈಲಿನ ನಂಬರು ಆಯಾ ಸಂಪರ್ಕದ ಗುರುತಿನೊಂದಿಗೆ ಸೇರಿದರಷ್ಟೇ ಪೂರ್ತಿ. ಅದೇ ನಂಬರು ಇನ್ನೊಂದಕ್ಕೂ ಇರಬಹುದು. ಆದ್ದರಿಂದ ಬರಿ ನಂಬರು ಹಿಡಿದು ಹುಡುಕುವಾಗ ತಾತ್ಕಾಲಿಕದವನ್ನು ಬಿಟ್ಟೇ ಬಿಡುತ್ತದೆ. ಸರಿಯಾದ ಕ್ರಮವೇ ಅದು. ಮೂರನೆಯ ದಿನ ಡಿಸ್ಕಿನಲ್ಲಿ ಸಿಕ್ಕಿದ ಒಂದು ಫೈಲಿನ ನಂಬರು ಕೊಟ್ಟು, ಇದು ಯಾರದ್ದು ಎಂದು ಡೇಟಾಬೇಸನ್ನು ಕೇಳಿದೆ. ಉತ್ತರದ ಜಾಗ ಖಾಲಿ ಬಂತು. ಗೊತ್ತಿದ್ದೂ ಮತ್ತೆ ಕೇಳಿದೆ, ಹತ್ತು ಸಲವಾದರೂ ಕೇಳಿರಬೇಕು.

ಕೊನೆಗೆ ಫೈಲನ್ನೇ ಬಿಚ್ಚಿ ನೋಡಿದೆವು. ಅಳತೆ ನನ್ನ ಟೇಬಲ್ಲಿನಷ್ಟೇ ಇತ್ತು.

“ಫೈಲ್ ಸಿಕ್ತು ಮಾರಾಯ್ರೆ, ಆದ್ರೆ ಒಳಗೆ ಎಂತದೂ ಇಲ್ಲ. ಪೂರ್ತಿ ಸೊನ್ನೆ” ಎಂದರು ರಿಪೇರಿಯವರು.

ಸಣ್ಣ ಟೇಬಲ್. ಡೇಟಾಬೇಸ್ ಅದಕ್ಕೆ ಡಿಸ್ಕಿನಲ್ಲಿ ಜಾಗ ಹಿಡಿದಿತ್ತು ಅಷ್ಟೆ, ಸಾಲುಗಳನ್ನೆಲ್ಲ ಮೆಮೊರಿಯಲ್ಲೇ ಇಟ್ಟುಕೊಂಡಿತ್ತು. ಕರೆಂಟು ಹೋದಾಗಲೇ ಎಲ್ಲ ಹೋಗಿತ್ತು. ಮೂರು ದಿನ ನಾನು ಹುಡುಕಿದ್ದು ಖಾಲಿ ಜಾಗವನ್ನು.

ಶೃಂಗೇರಿಯ ಬಸ್‌ಸ್ಟ್ಯಾಂಡಿನಿಂದ ಯಜಮಾನಿತಿಗೆ ಫೋನ್ ಮಾಡಿದೆ. ಪುಸ್ತಕ ಇನ್ನೊಮ್ಮೆ ಬೇಕಿತ್ತು ಎಂದೆ.

“ಅಯ್ಯೋ, ಅದು ನಿನ್ನೆ ಬಚ್ಚಲೊಲೆಗೆ ಹೋಯ್ತಲ್ಲ! ಮನೆ ಖಾಲಿ ಮಾಡಿ ಕೊಡ್ಬೇಕು ನೋಡಿ, ಅಟ್ಟದ್ದೆಲ್ಲಾ ಇಳಿಸಿ ನೀರು ಕಾಯ್ಸಿದ್ವಿ. ಇನ್ನು ಪುಸ್ತಕ ಏನಾದ್ರೂ ಚಿಂತೆ ಇಲ್ಲ, ಎಲ್ಲಾ ಕಂಪ್ಯೂಟರಿಗೆ ಬಂತು ಅಂತ ನೀವೇ ಹೇಳಿದ್ರಂತೆ?”

ಹೌದು, ನಾನೇ ಹೇಳಿದ್ದೆ. ಪುಸ್ತಕ ವಾಪಸು ಕೊಡುವಾಗ ಅಕ್ಕ ನನ್ನ ಮಾತನ್ನು ಒಂದಕ್ಷರ ಬಿಡದೆ ಒಯ್ದು ಮುಟ್ಟಿಸಿದ್ದರು.

ಮಾರನೆಯ ದಿನ ಲೈನಿಗೆ ಹೋಗಿ ಅಕ್ಕನಿಗೆ ಎಲ್ಲ ಹೇಳಿದೆ. ಬೈದರೆ ಸಾಕಿತ್ತು. ಬೈಯಲಿಲ್ಲ. ಚಹಾ ಕೊಟ್ಟರು. “ನೀವು ಓದಿದ್ದೀರಲ್ಲ, ಅದನ್ನೇ ಬಂದು ಹೇಳಿ” ಎಂದರು. ಪುಸ್ತಕವೂ ಕಂಪ್ಯೂಟರೂ ಹೋದರೂ ಓದಿದವಳು ಇದ್ದಾಳೆ ಎಂಬುದು ಅವರ ಲೆಕ್ಕ. ಬರುತ್ತೇನೆ ಎಂದು ಚಹಾ ಮುಗಿಸಿದೆ.

ನರಸಿಂಹರಾಜಪುರದಲ್ಲಿ ವಿಚಾರಣೆ. ದಾಖಲೆ ಎಲ್ಲಿ ಎಂದು ಅಧಿಕಾರಿ ಕೇಳಿದರು. ನಾನು ನಿಂತು, ನೋಡಿದ್ದೇನೆ, ಓದಿದ್ದೇನೆ ಎಂದೆ. ಯಾವ ವರ್ಷ, ಯಾವ ಪುಟ ಎಂದರು. ನೂರಾರು ಸಾಲು ಟೈಪ್ ಮಾಡಿದವಳಿಗೆ ಒಂದು ವರ್ಷವೂ ಖಚಿತವಾಗಿ ನೆನಪಿರಲಿಲ್ಲ. ನೆನಪಿಡುವ ಕೆಲಸವನ್ನು ನಾನು ಎಂದೋ ಯಂತ್ರಕ್ಕೆ ವಹಿಸಿದ್ದೆ.

ಆಗ ಅಕ್ಕ ಹಿಂದಿನಿಂದ ಮುಂದೆ ಬಂದರು. “ಇತ್ತು ಸ್ವಾಮಿ. ನಾನು ಕೈಯಲ್ಲಿ ಮುಟ್ಟಿದೀನಿ” ಎಂದರು.

ಅಧಿಕಾರಿ ಒರಟರಲ್ಲ. ಅಂಥದ್ದನ್ನು ಬರೆದುಕೊಳ್ಳಲು ಬರುವುದಿಲ್ಲ ಎಂದು ಮೆತ್ತಗೆ ಹೇಳಿದರು. ಅರ್ಜಿ ತಿರಸ್ಕಾರವಾಯಿತು. ಲೈನ್ ಈಗ ಇಲ್ಲ. ಅವರು ಜಯಪುರದಲ್ಲಿ ಗಂಡನ ತಂಗಿಯ ಮನೆಯ ಹಿಂಭಾಗದಲ್ಲಿದ್ದಾರೆ. ನಾನು ಎಲ್ಲವನ್ನೂ ನೇರವಾಗಿ ಮುಖ್ಯ ಟೇಬಲ್ಲಿಗೆ ಹಾಕುತ್ತೇನೆ, ಹೊಸ ಬ್ಯಾಟರಿ ತಂದಿದ್ದೇನೆ. ಅದರಿಂದ ಅವರಿಗೆ ಏನಾಗಬೇಕು?

ಆ ದಿನ ಕಚೇರಿಯಿಂದ ಇಳಿದು ಇಬ್ಬರೂ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಮನೆಯ ಮಾತನ್ನು ಅವರು ಎತ್ತಲೇ ಇಲ್ಲ. ನನಗೆ ತೊಂದರೆ ಕೊಡುತ್ತಿದ್ದೇನೆಂಬ ಸಂಕೋಚದಲ್ಲಿ ಕೇಳಿದರು.

“ಅಮ್ಮಾ, ಅವತ್ತು ಓದಿದ್ರಲ್ಲ, ನಾನು ಹುಟ್ಟಿದ ದಿನ. ಅದು ಯಾವುದಾಗಿತ್ತು?”

ಬಾಯಿಗೆ ಬಂದ ಒಂದು ತಾರೀಖು ಹೇಳಿದ್ದರೂ ನಂಬುತ್ತಿದ್ದರು. ತಿಂಗಳಾದರೂ ನೆನಪಾಗುತ್ತದೆಯೇ ಎಂದು ಕಣ್ಣು ಮುಚ್ಚಿ ನೋಡಿದೆ. ಓರೆ ಹಿಡಿದ ಹಾಳೆ ಕಾಣುತ್ತಿತ್ತು, ರೈಟರ ಸಣ್ಣ ಅಕ್ಷರ ಕಾಣುತ್ತಿತ್ತು. ಅದರ ಎದುರಿನ ದಿನ ಮಾತ್ರ ಕಾಣಲಿಲ್ಲ.

“ನೆನಪಿಲ್ಲ ಅಕ್ಕ” ಎಂದೆ.

“ಹೋಗ್ಲಿ ಬಿಡಿ” ಎಂದು ಅವರು ಬಸ್ಸು ಬರುವ ದಿಕ್ಕಿಗೆ ತಿರುಗಿ ನಿಂತರು.