ದೇವರ ಮುಡಿ ಹೊತ್ತು ಹಡಗು ಹತ್ತುವವನು

“ಈ ಮಗ ಹಡಗು ಹತ್ತಕಿಲ್ಲ. ನೀವು ಎಲ್ಗಾದ್ರೂ ಹೋಗ್ರಿ.”

ಕಳೆದ ಭಾನುವಾರ ನಮ್ಮ ಅತ್ತೆ ಇಷ್ಟು ಹೇಳಿದವರೇ ನನ್ನ ಮೂರು ವರ್ಷದ ಮಗ ಪುಟ್ಟುವನ್ನು ಸೊಂಟಕ್ಕೆ ಏರಿಸಿಕೊಂಡು, ನಮ್ಮ ರಾಜಾಜಿನಗರದ ಮನೆಯಿಂದ ತಮ್ಮ ಮಾರೇನಹಳ್ಳಿಗೆ ಹೊರಟೇಬಿಟ್ಟರು. ಅವನಾದರೂ ಅತ್ತನೇ? ಅಜ್ಜಿಯ ಸೆರಗಿನ ಗಂಟಿನಿಂದ ಕೊಬ್ಬರಿ ಬೆಲ್ಲ ಸಿಕ್ಕಿತ್ತು. ನನಗೆ ಟಾಟಾ ಮಾಡಿದ!

ಓದುಗರಿಗೆ ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಾವು ಜಾಂಜಿಬಾರಿಗೆ ಹೋಗುತ್ತಿದ್ದೇವೆ. (ಭೂಪಟ ಹುಡುಕಬೇಡಿ. ನಿಮ್ಮ ಅಡುಗೆಮನೆಯ ಡಬ್ಬಿಯಲ್ಲಿರುವ ಲವಂಗಕ್ಕೆ ಅದೇ ತವರುಮನೆ.) ಆಫ್ರಿಕದ ಮಗ್ಗುಲಲ್ಲಿ, ಸಮುದ್ರದ ನಡುವೆ ಇರುವ ಒಂದು ದ್ವೀಪ. ಅಲ್ಲಿ ನೆಲೆಸಿರುವ ಗುಜರಾತಿ ವ್ಯಾಪಾರಸ್ಥರು ಒಂದು ಶಾಲೆ ನಡೆಸುತ್ತಾರೆ. ಅದಕ್ಕೆ ಸೈನ್ಸ್ ಮೇಷ್ಟ್ರು ಬೇಕಾಗಿದ್ದರಂತೆ. ನಮ್ಮ ಯಜಮಾನರು ಅರ್ಜಿ ಹಾಕಿದರು, ಕೆಲಸ ಸಿಕ್ಕಿತು. ಎರಡು ವರ್ಷದ ಕಾಂಟ್ರಾಕ್ಟು, ಇರಲು ಕ್ವಾರ್ಟರ್ಸು. ದೀಪಾವಳಿ ಮುಗಿಸಿಕೊಂಡು ಬೊಂಬಾಯಿಗೆ ಹೋಗಿ ಹಡಗು ಹತ್ತಬೇಕು.

ಸುದ್ದಿ ಗೊತ್ತಾದ ದಿನವೇ ನಾನು ಮಾರೇನಹಳ್ಳಿಗೆ ಓಡಿದ್ದೆ. “ವರ್ಷವಿಡೀ ಬಿಸಿಲಂತೆ ಅತ್ತೆ! ಮಕ್ಕಳಿಗೆ ನೆಗಡಿ ಅನ್ನೋದೇ ಬರಲ್ವಂತೆ!”

ಅತ್ತೆ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

“ಬಿಸ್ಲು ನೋಡಕ್ಕೆ ಹಡಗು ಹತ್ಬೇಕಾ ತಾಯಿ? ನಮ್ಮ ರಾಗಿ ಹೊಲ್ದಾಗೆ ಬಂದು ನಿಂತ್ಕೋ. ಪುಗಸಟ್ಟೆ ಸಿಗ್ತದೆ.”

ಆಮೇಲೆ ಬಂದವರೆಲ್ಲ ನನಗೆ ಬುದ್ಧಿ ಹೇಳಿದರು. ಗಂಡ ಹೋಗಿ ಬರಲಿ, ನೀನು ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುತ್ತೀಯ? ಇದು ಒಂದು ಪಕ್ಷ. ಮಗಳನ್ನು ಕರೆದುಕೊಂಡು ಹೋಗು, ಮಗನನ್ನು ಅಜ್ಜಿಯ ಹತ್ತಿರ ಬಿಡು. ಇದು ಇನ್ನೊಂದು ಪಕ್ಷ. ನಮ್ಮ ಜನಕ್ಕೆ ಸಂಸಾರವೆಂದರೆ ಟ್ರಂಕು, ಹಾಸಿಗೆ ಸುರುಳಿ ಇದ್ದ ಹಾಗೆ. ಇದು ಹೋಗಲಿ, ಅದು ಇರಲಿ, ಉಳಿದದ್ದು ಅಟ್ಟದ ಮೇಲೆ!

ನಮ್ಮ ಹಿತ್ತಲಾಚೆಯ ಮನೆಯಾಕೆಯ ಗಂಡ ಬೊಂಬಾಯಿಯಲ್ಲಿ ಕೆಲಸದಲ್ಲಿದ್ದಾರೆ. ಪಾಪ, ಒಳ್ಳೆಯ ಮನುಷ್ಯ. ಹೋದ ಯುಗಾದಿಗೆ ಬಂದಾಗ ಅವರ ಪುಟ್ಟ ಮಗಳು ಬಾಗಿಲು ತೆಗೆದು ನೋಡಿ, “ಅಮ್ಮಾ, ಯಾರೋ ಮಾಮ ಬಂದವ್ರೆ” ಎಂದು ಕೂಗಿದಳು. ಎಲ್ಲರೂ ನಕ್ಕರು. ಅವರೂ ನಕ್ಕರು. ಆಮೇಲೆ ಕೈಕಾಲು ತೊಳೆಯಲು ಬಚ್ಚಲಿಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಅವತ್ತೇ ನಾನು ತೀರ್ಮಾನ ಮಾಡಿದ್ದೆ. ನಮ್ಮ ಮನೆಯಲ್ಲಿ ಹೋದರೆ ಎಲ್ಲರೂ ಹೋಗುವುದು, ಇದ್ದರೆ ಎಲ್ಲರೂ ಇರುವುದು.

ಆದರೆ ಅತ್ತೆಯ ಕೈಯಲ್ಲಿ ನಾನು ಎಣಿಸದೇ ಇದ್ದ ಒಂದು ಅಸ್ತ್ರವಿತ್ತು. ಪುಟ್ಟುವಿನ ತಲೆಗೂದಲು.

ನಮ್ಮಲ್ಲಿ ಮಗುವಿನ ಹುಟ್ಟುಗೂದಲು ಮನೆದೇವರಿಗೆ ಸೇರಿದ್ದು. ಮಾಗಡಿ ಕಡೆಯ ಬೆಟ್ಟದಲ್ಲಿರುವ ನಮ್ಮ ದೇವರ ಮುಂದೆ, ಸೋದರಮಾವನ ತೊಡೆಯ ಮೇಲೆ ಕೂರಿಸಿ ಮುಡಿ ಇಳಿಸಬೇಕು. ಅಲ್ಲಿಯತನಕ ಕತ್ತರಿ ಸೋಕುವ ಹಾಗಿಲ್ಲ. ಅದನ್ನೂ ನಮಗೆ ಬೇಕಾದಾಗ ಹೋಗಿ ಮಾಡುವಂತಿಲ್ಲ. ದಾಯಾದಿಗಳೆಲ್ಲ ಒಟ್ಟುಗೂಡಿ “ದೇವರು ಮಾಡುವ” ವರ್ಷ ಬರಬೇಕು. ಆಗ ಎಲ್ಲರ ಮನೆಯ ಮಕ್ಕಳದೂ ಒಟ್ಟಿಗೇ. ಈ ವರ್ಷ ಆಗಬೇಕಿತ್ತು. ಅಷ್ಟರಲ್ಲಿ ದಾಯಾದಿಗಳ ಮನೆಯಲ್ಲೊಂದು ಸಾವಾಯಿತು. ಹಿರಿಯರು ಕೂತು, ಇನ್ನು ಎರಡು ವರ್ಷ ಬಿಟ್ಟು ನೋಡೋಣ ಎಂದರು.

ಹಾಗಾಗಿ ನನ್ನ ಮಗನಿಗೆ ಈಗ ನನಗಿಂತ ಚೆಂದದ ಜಡೆ! ಸಿಟಿ ಬಸ್ಸಿನಲ್ಲಿ ಕೂತರೆ ಪಕ್ಕದವರು, “ಹೆಣ್ಣು ಮಗು ಎಷ್ಟು ಲಕ್ಷಣವಾಗಿದೆ” ಎನ್ನುತ್ತಾರೆ. ಅವನು ಕೆರಳಿ, “ನಾನು ಗಂಡು! ಇದು ದೇವರ ಕೂದಲು!” ಎಂದು ಕಿರುಚುತ್ತಾನೆ. ಕಂಡಕ್ಟರು ತಿರುಗಿ ನೋಡುತ್ತಾನೆ. ಜಡೆಗೆ ಮಲ್ಲಿಗೆ ಬೇರೆ ಮುಡಿಸುವವಳು ಅವನ ಅಕ್ಕ ಜಯ. (ಬೇಡವೆಂದರೆ ಕೇಳುವವಳಲ್ಲ. ಆರು ವರ್ಷಕ್ಕೇ ನನ್ನ ಸ್ವಭಾವ ಬಂದಿದೆ ಎಂದು ಅವರಪ್ಪನ ದೂರು.)

ಅತ್ತೆಯ ಪಾಯಿಂಟು ಸರಳ. ಮುಡಿ ಕೊಡದ ಮಗು ನೀರು ದಾಟಬಾರದು. ದೇವರು ಮಾಡುವುದು ಎರಡು ವರ್ಷದ ಮೇಲೆ. ಆದ್ದರಿಂದ ಪುಟ್ಟು ಮಾರೇನಹಳ್ಳಿಯಲ್ಲಿ ಇರುತ್ತಾನೆ. ಮುಗಿಯಿತು.

ನಮ್ಮ ಯಜಮಾನರ ಮುಖ ನೋಡಿದೆ. ತರಗತಿಯಲ್ಲಿ ಹುಡುಗರಿಗೆ ಸೂರ್ಯ ಚಂದ್ರರನ್ನು ಕುಣಿಸಿ ತೋರಿಸುವ ಮೇಷ್ಟ್ರು, ಅವ್ವನ ಎದುರು ಸೂರಿನ ಹೆಂಚು ನೋಡುತ್ತ ನಿಂತಿದ್ದರು.

“ಏನ್ರೀ, ಒಂದು ಮಾತಾದ್ರೂ ಆಡಬಾರದಾ?” ಎಂದೆ, ಅತ್ತೆ ಹೋದ ಮೇಲೆ.

“ಎರಡೇ ವರ್ಷ ತಾನೇ? ಅವ್ವನ ಹತ್ರ ಚೆನ್ನಾಗಿ ಬೆಳೀತಾನೆ ಕಣೇ. ಅವನಿಗೇನು ಕಮ್ಮಿ ಮಾಡ್ತಾರಾ?”

ನನಗೆ ಪಿತ್ತ ನೆತ್ತಿಗೇರಿತು. “ನಿಮಗೆ ಎರಡು ವರ್ಷ ಎರಡು ವರ್ಷಾನೇ. ಅವನು ಹುಟ್ಟಿ ಇನ್ನೂ ಮೂರು ವರ್ಷ ಆಗಿದೆ! ವಾಪಸು ಬಂದಾಗ ನನ್ನನ್ನ ನೋಡಿ ಇದ್ಯಾವ ಮಾಮಿ ಅಂತ ಕೇಳಿದ್ರೆ ಏನ್ ಹೇಳ್ತೀರಿ?”

ಮೂಲೆಯಲ್ಲಿ ಗೊಂಬೆಗೆ ಸೀರೆ ಉಡಿಸುತ್ತಿದ್ದ ಜಯ ತಲೆ ಎತ್ತದೆ ಹೇಳಿದಳು: “ಪುಟ್ಟು ಬರದೆ ಇದ್ರೆ ನಾನೂ ಬರಲ್ಲ.” ನನ್ನ ಪಕ್ಷಕ್ಕೆ ಒಂದು ವೋಟು ಬಿತ್ತು.

ಸೋಮವಾರ ನನ್ನ ತಮ್ಮ ಬಂದ. ನನ್ನ ತವರು ಬಿನ್ನಿಪೇಟೆ. ಅಪ್ಪ ಗಿರಣಿಯಲ್ಲಿ ಫಿಟ್ಟರಾಗಿದ್ದರು, ಈಗ ತಮ್ಮನೂ ಅಲ್ಲೇ. ಪುಟ್ಟುವಿನ ಸೋದರಮಾವ ಎಂದರೆ ಇವನೇ. ಎಲ್ಲ ಕೇಳಿ ತೊಡೆ ತಟ್ಟಿದ.

“ಇಷ್ಟೇನಾ ಅಕ್ಕ? ಕಟಿಂಗ್ ಶಾಪ್‌ಗೆ ಕರ್ಕೊಂಡ್ ಹೋಗಿ ನನ್ನ ತೊಡೆ ಮೇಲೇ ಕೂರಿಸ್ಕೋತೀನಿ. ಎರಡು ನಿಮಿಷದ ಕೆಲಸ. ಮುಡಿ ಹೋಯ್ತು, ತಕರಾರೂ ಹೋಯ್ತು. ಆಮೇಲೆ ನಿಮ್ಮತ್ತೆ ಏನ್ ಮಾಡ್ತಾರೆ?”

ನಿಜ ಹೇಳುತ್ತೇನೆ, ಆಸೆಯಾಯಿತು. ನಾನು ಓದಿದವಳು. ಕೂದಲು ಕೂದಲೇ ಎಂದು ನನಗೂ ಗೊತ್ತು. ಆದರೆ ಪುಟ್ಟು ಹುಟ್ಟಿದ ಹೊಸತರಲ್ಲಿ ಹಾಲು ಮೈಗೆ ಹತ್ತದೆ ದಿನದಿನಕ್ಕೆ ಸೊರಗುತ್ತಿದ್ದ. ಆಗ ಅತ್ತೆ ನನ್ನ ಮಂಚದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಇದ್ದುಬಿಟ್ಟರು. ಮಗುವಿನ ತಲೆಯ ಮೇಲೆ ಕೈಯಿಟ್ಟು, “ಉಳಿಸ್ಕೊಡಪ್ಪ, ಮುಡಿ ನಿಂದು” ಎಂದು ಹರಕೆ ಹೊತ್ತವರು ಅವರು. ಪಕ್ಕದಲ್ಲಿ ಕಣ್ಣು ಮುಚ್ಚಿ ಕೈ ಮುಗಿದವಳು ನಾನು. ಆಗ ಬೇಕಾಗಿದ್ದ ದೇವರು ಈಗ ಬೇಡವೇ? ಹಡಗಿನ ಟಿಕೆಟ್ಟು ಬಂತು ಅಂತ?

“ಬೇಡ ಕಣೋ” ಎಂದೆ. “ಹಂಗೆ ಕದ್ದು ಗೆದ್ದರೆ ಅದೇನು ಗೆಲುವು? ನಾನು ಹೇಳಿಯೇ ಕರ್ಕೊಂಡು ಬರ್ತೀನಿ.”

“ಅವರು ಬಿಡಲ್ಲ ಅಂದ್ರೆ?”

“ಬಿಡೋತನಕ ಅಲ್ಲೇ ಕೂತ್ಕೋತೀನಿ.”

ಬುಧವಾರ ಬೆಳಿಗ್ಗೆ ಹೊಲದ ದಾರಿ ಹಿಡಿದು ಮಾರೇನಹಳ್ಳಿಗೆ ನಡೆದೆ. ರಾಗಿ ತೆನೆ ಕಟ್ಟುತ್ತಿತ್ತು. ದಾರಿಯುದ್ದಕ್ಕೂ ಯಾರೋ ಅಳತೆ ಮಾಡಿ ಹೊಸದಾಗಿ ಕಲ್ಲು ನೆಟ್ಟಿದ್ದರು.

ಅತ್ತೆ ಜಗಲಿಯ ಮೇಲೆ ಮೊರ ಹಿಡಿದು ಹುರುಳಿ ಹಸನು ಮಾಡುತ್ತಿದ್ದರು. ಕೊಟ್ಟಿಗೆಯಲ್ಲಿ ಪುಟ್ಟು ಕರುವಿನ ಕೊರಳು ತಬ್ಬಿಕೊಂಡು ಅದಕ್ಕೇನೋ ಉಪದೇಶ ಮಾಡುತ್ತಿದ್ದ. ನನ್ನನ್ನು ನೋಡಿ, “ಅಮ್ಮಾ, ಇದಕ್ಕೂ ದೇವರ ಕೂದಲು!” ಎಂದ.

“ಕರ್ಕೊಂಡೋಗಕ್ಕೆ ಬಂದ್ಯಾ?” ಅತ್ತೆ ತಲೆ ಎತ್ತಲಿಲ್ಲ.

“ಹೂಂ ಅತ್ತೆ.”

“ಮುಡಿ ಕೊಡದೆ ನೀರು ದಾಟಂಗಿಲ್ಲ ಅಂದಿದ್ದೆ.”

“ಮನೆದೇವರಿಗೆ ಹೋಗೋಕೆ ಅರ್ಕಾವತಿ ದಾಟಲ್ವಾ? ಮುಡಿ ಕೊಡೋ ಮಕ್ಕಳೆಲ್ಲ ಆ ನೀರು ದಾಟಿಕೊಂಡು ತಾನೇ ಹೋಗೋದು?”

“ಅದು ಹೊಳೆ. ಇದು ಸಮುದ್ರ!” ಮೊರ ಜೋರಾಗಿ ಕುಣಿಯಿತು. “ಬಾಯಿ ಜೋರು ಮಾಡ್ಬ್ಯಾಡ.”

ಬಾಯಿ ಜೋರು ಮಾಡದೆ ಪಕ್ಕದಲ್ಲಿ ಕೂತೆ. ಇನ್ನೊಂದು ಮೊರ ಎಳೆದುಕೊಂಡೆ. ಇಬ್ಬರೂ ಸ್ವಲ್ಪ ಹೊತ್ತು ಕಲ್ಲು ಆರಿಸಿದೆವು.

“ಅತ್ತೆ, ಪುಟ್ಟು ತಲೆ ಮೇಲಿರೋ ಕೂದಲು ಯಾರದು?”

“ದ್ಯಾವ್ರುದು. ಅಷ್ಟೂ ತಿಳೀದಾ ನಿಂಗೆ?”

“ಹಾಗಾದ್ರೆ ಅದನ್ನ ನಾನು ಕತ್ತರಿಸಲ್ಲ. ಹಾಗೇ ಕರ್ಕೊಂಡು ಹೋಗ್ತೀನಿ. ಅಲ್ಲಿ ಎಷ್ಟೇ ಸೆಕೆ ಆಗಲಿ, ಯಾರು ಏನೇ ಅನ್ನಲಿ, ಎರಡು ವರ್ಷ ಜಡೆ ಹಾಕ್ತೀನಿ. ದೇವರ ಸೊತ್ತು ತಗೊಂಡು ಹೋದವಳು ತಂದು ಒಪ್ಪಿಸದೆ ಇರೋಕಾಗುತ್ತಾ? ದೇವರು ಮಾಡೋ ವರ್ಷ ನಾವು ಎಲ್ಲಿದ್ರೂ ಬರಲೇಬೇಕು. ಇಲ್ಲೇ ಮುಡಿ ಇಳಿಸಿ ಕಳಿಸಿದ್ರೆ, ನಿಮ್ಮ ಮಗ ಬಾರದೆ ಇರೋಕೆ ನೂರು ನೆಪ ಹೇಳಬಹುದು. ಮುಡಿ ಇದ್ರೆ ಒಂದೂ ಹೇಳೋ ಹಾಗಿಲ್ಲ.”

ಮೊರ ನಿಂತಿತು.

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು.

“ನನ್ನ ತಮ್ಮ ಹಿಂಗೇ ಸಿಲೋನಿಗೆ ಹೋದ. ಟೀ ತೋಟ ಅಂದ. ದುಡ್ಕಂಡ್ ಬತ್ತೀನಿ ಅಕ್ಕ ಅಂದ. ನಮ್ಮವ್ವ ಸಾಯೋಗಂಟ ಬಸ್ಸಿನ ಸದ್ದಾದ್ರೆ ಎದ್ದು ನೋಡೋಳು. ಈಗ ನೋಡು, ಹೊಲನೂ ಬಡಾವಣೆಗೆ ಹೋಗ್ತದಂತೆ, ಕಲ್ಲು ನೆಟ್ಟವ್ರೆ. ಮಗ್ನೂ ಹೋಗ್ತಾವ್ನೆ. ಕೈಯಾಗೆ ಒಂದು ಮಗನಾರ ಇರ್ಲಿ ಅಂದ್ಕಂಡೆ. ತಪ್ಪಾ?”

ಮೊಮ್ಮಗನನ್ನು ಮಗ ಎಂದೇ ಕರೆಯುತ್ತಾರೆ ನಮ್ಮ ಕಡೆ. ಇಷ್ಟು ದಿನ ಇದನ್ನು ಹಟ ಎಂದುಕೊಂಡಿದ್ದೆ. ಅದು ಹೆದರಿಕೆ. ಹೆದರಿಕೆಯಾಗಿದೆ ಎಂದು ನಾವು ಯಾಕೆ ಬಾಯಿಬಿಟ್ಟು ಹೇಳುವುದಿಲ್ಲ? ಶಾಸ್ತ್ರ ಹೇಳುತ್ತೇವೆ, ದೇವರ ಹೆಸರು ಹೇಳುತ್ತೇವೆ, ನೀರು ದಾಟಬಾರದು ಎನ್ನುತ್ತೇವೆ. “ನೀನು ಹೋದರೆ ನನಗೆ ಸಂಕಟ” ಎಂಬ ಒಂದು ಮಾತು ಮಾತ್ರ ನಮ್ಮ ಬಾಯಲ್ಲಿ ಬರುವುದಿಲ್ಲ. ನಾನೂ ಅಷ್ಟೇ. ಬಿಸಿಲು, ಕ್ವಾರ್ಟರ್ಸು, ನೆಗಡಿ ಎಂದೆಲ್ಲ ಹೇಳಿದೆ. ನಿಮ್ಮನ್ನು ಬಿಟ್ಟು ಹೋಗುವುದಕ್ಕೆ ನನಗೂ ಕಷ್ಟ ಅತ್ತೆ ಎಂದು ಹೇಳಿದೆನೇ?

“ತಪ್ಪಲ್ಲ ಅತ್ತೆ” ಎಂದೆ. “ಆದ್ರೆ ಅವನನ್ನ ಬಿಟ್ಟು ನಾನು ಇರಲಾರೆ. ನಿಮ್ಮ ತಾಯಿ ಎದ್ದು ನೋಡಿದ ಹಾಗೆ ನಾನು ಅಲ್ಲಿ ದಿನಾ ಸಮುದ್ರ ನೋಡ್ಕೊಂಡು ಕೂರಬೇಕಾ?”

ಅತ್ತೆ ಎದ್ದರು. ಪುಟ್ಟುವನ್ನು ಕರೆದು ಮುಂದೆ ಕೂರಿಸಿಕೊಂಡು, ಜಡೆ ಬಿಚ್ಚಿ ಎಣ್ಣೆ ಹಚ್ಚಿದರು. ಬಿಗಿಯಾಗಿ ಹೊಸದಾಗಿ ಹೆಣೆಯುತ್ತ, ನನ್ನ ಕಡೆ ನೋಡದೆ ಕಂಡೀಷನ್ನು ಹಾಕಿದರು. ಶನಿವಾರ ತಪ್ಪದೆ ಎಣ್ಣೆ. ಕಂಡವರ ಬಾಚಣಿಗೆ ತಾಗಿಸಬಾರದು. ಸಮುದ್ರದ ನೀರು ಬಿದ್ದರೆ ಸೀಗೆಪುಡಿ ಹಾಕಿ ತೊಳೆಯಬೇಕು. ನಾನು ಎಲ್ಲದಕ್ಕೂ ಹೂಂ ಎಂದೆ. (ಜಾಂಜಿಬಾರಿನಲ್ಲಿ ಸೀಗೆಪುಡಿ ಎಲ್ಲಿ ಸಿಗುತ್ತದೆ ಎಂದು ನಾನು ಕೇಳಲಿಲ್ಲ. ಆದರೆ ಗುರುವಾರವೇ ಒಂದು ದೊಡ್ಡ ಡಬ್ಬ ನಮ್ಮ ಮನೆಗೆ ಬಂದು ಕೂತಿದೆ.)

ಮನೆಗೆ ಬಂದು ವಿಷಯ ಹೇಳಿದರೆ ನಮ್ಮ ಯಜಮಾನರಿಗೆ ಹೊಸ ಚಿಂತೆ ಹತ್ತಿತು. ಶಾಲೆಯ ಕಮಿಟಿಯವರು ಏನಂದುಕೊಳ್ಳುತ್ತಾರೆ? ಸೈನ್ಸ್ ಮೇಷ್ಟ್ರ ಮಗ ಜಡೆ ಹಾಕಿಕೊಂಡು ಓಡಾಡಿದರೆ?

“ಕೇಳಿದವರನ್ನ ನನ್ನ ಹತ್ರ ಕಳಿಸಿ” ಎಂದೆ. “ಇನ್ನೊಂದು ಮಾತು. ಅಲ್ಲಿ ಸರಿಹೋದರೆ ಕಾಂಟ್ರಾಕ್ಟ್ ಮುಂದುವರಿಸೋಣ ಅಂತ ಮೊನ್ನೆ ನಿಮ್ಮ ಸ್ನೇಹಿತರ ಹತ್ರ ಹೇಳ್ತಾ ಇದ್ರಲ್ಲ? ಮುಂದುವರಿಸಿ, ಬಿಡಿ, ನಿಮ್ಮಿಷ್ಟ. ದೇವರು ಮಾಡೋ ತಿಂಗಳು ನಾವು ನಾಲ್ಕೂ ಜನ ಇಲ್ಲಿರ್ತೀವಿ. ರಜ ಕೊಡದೆ ಇದ್ರೆ ಕೆಲಸ ಬಿಟ್ಟು ಬರೋದು. ಈಗಲೇ ಹೇಳಿಬಿಟ್ಟಿದೀನಿ.”

ಅವರು ಮತ್ತೆ ಸೂರಿನ ಹೆಂಚಿನ ಕಡೆ ಕಣ್ಣೆತ್ತಿದರು. ನಾನು ಬಿಡಲಿಲ್ಲ. ಹೂಂ ಎಂದರು.

ಆದರೆ ಓದುಗರೇ, ನಾನು ಹೇಳದೆ ಉಳಿಸಿಕೊಂಡ ಒಂದು ಮಾತಿದೆ. ಬುಧವಾರ ನಾನು ಪುಟ್ಟುವನ್ನು ಎತ್ತಿಕೊಂಡು ಹೊರಟಾಗ ಅತ್ತೆ ಹೊಲದ ಬದುವಿನ ತನಕ ಬಂದರು. ಮೊಮ್ಮಗನ ಕೆನ್ನೆ ಸವರಿದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನ ಕೈ ಹಿಡಿದದ್ದು ನನಗೆ ನೆನಪಿಲ್ಲ.

“ಇವನು ಬತ್ತಾನೆ, ಬಿಡು. ದ್ಯಾವ್ರು ಕರ್ಸ್ಕಂತಾನೆ. ನಿನ್ನ ಯಾರು ಕರ್ಸ್ಕಂತಾರೆ ಕಣಮ್ಮ?”

ಮಾತಿಗೆ ಮಾತು ಕೊಡುವವಳು ಎಂದು ಹೆಸರು ತೆಗೆದುಕೊಂಡವಳು ಬದುವಿನ ಮೇಲೆ ಬಾಯಿ ಕಟ್ಟಿ ನಿಂತೆ. ಕೊನೆಗೆ, “ನೀವು ಕರೀರಿ ಅತ್ತೆ, ಬರ್ತೀನಿ” ಎಂದೆ.

“ಕರೀದಿದ್ರೆ?”

“ಕರೀದಿದ್ರೂ ಬರ್ತೀನಿ!”

ಅತ್ತೆ ನಕ್ಕರು. ನಂಬಿದರೋ ಇಲ್ಲವೋ ಗೊತ್ತಿಲ್ಲ. ನೀವಾದರೂ ನಂಬಿ. ಹೋಗುವುದಕ್ಕೆ ಇಷ್ಟೆಲ್ಲ ಜಗಳ ಆಡಿದವಳು, ಬರುವುದಕ್ಕೆ ಆಡದೆ ಇರುತ್ತೇನೆಯೇ?