ಪುಸ್ತಕ ಬಂದ ಮೇಲೆ ಮಾಸ್ತರರು ಬದುಕಿದರು

ನನ್ನ ಪುಸ್ತಕ ಅಚ್ಚಾಗಿ ಬಂದ ನಾಲ್ಕನೆಯ ತಿಂಗಳಿಗೆ ಮಾಸ್ತರರು ಸೈಕಲ್ ಹತ್ತಿ ಮೂಡಲಗಿ ಸಂತೆಗೆ ಹೋದರು. ಸುದ್ದಿ ತಂದವನು ನಮ್ಮ ಕಚೇರಿಯ ಸಿಪಾಯಿ. "ಸಾಹೇಬ್ರ, ನಿಮ್ಮ ಪುಸ್ತಕದಾಗಿನ ಮಾಸ್ತರ್ರು ಮೆಂತೇಪಲ್ಯಾ ಚೌಕಾಶಿ ಮಾಡಾಕತ್ತಿದ್ರು" ಎಂದು ನಕ್ಕ. ಕುಣಿದಾಡಬೇಕಾದ ಸುದ್ದಿ. ಆದರೆ ನನಗೆ ಮೊದಲು ಆದದ್ದು ಪೇಚಾಟ. ಸಂತೋಷ ಆಮೇಲೆ ಬಂತು. ಹೀಗೆ ಹಿಂದುಮುಂದಾದದ್ದಕ್ಕೆ ನನ್ನ ಮೇಲೆ ನನಗೇ ಇರುವ ಸಿಟ್ಟು ಇನ್ನೂ ಇಳಿದಿಲ್ಲ.

ಅವರು ಮೂಡಲಗಿಯ ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದವರು. ಲೆಕ್ಕ ತಪ್ಪಿದರೆ ರೂಲುಕೋಲಿನಿಂದ ಬೆರಳ ಗೆಣ್ಣಿನ ಮೇಲೆ ಹೊಡೆಯುತ್ತಿದ್ದರು. ಎರಡು ಸಲ ನಪಾಸಾಗಿ ಶಾಲೆ ಬಿಡಲು ಹೊರಟಿದ್ದ ನನ್ನನ್ನು ಮನೆಗೆ ಕರೆಸಿಕೊಂಡು, ವರ್ಷವಿಡೀ ನಸುಕಿನಲ್ಲಿ ಕೂರಿಸಿ ಕಲಿಸಿ ಪಾಸು ಮಾಡಿಸಿದವರೂ ಅವರೇ. ನಾನು ಗೋಕಾಕದಲ್ಲಿ ಸರಕಾರಿ ಗುಮಾಸ್ತನಾದದ್ದು ಆ ಒಂದು ವರ್ಷದ ಪುಣ್ಯದಿಂದ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಆಗಲೇ ನಿವೃತ್ತರಾಗಿದ್ದ ಅವರ ಹೊಟ್ಟೆ ಊದಿಕೊಂಡಿತು, ಮೈ ಕಡ್ಡಿಯಾಯಿತು. ದೊಡ್ಡ ಊರಿನ ವೈದ್ಯರೊಬ್ಬರು ಗಡ್ಡೆ ಎಂದರು, ಆರು ತಿಂಗಳು ದಾಟುವುದು ಕಷ್ಟ ಎಂದರು. ನಾನು ಪ್ರತಿ ರವಿವಾರ ಅರಭಾವಿ ದಾರಿಯ ಬಸ್ಸು ಹಿಡಿದು ಮೂಡಲಗಿಗೆ ಹೋಗಿ ಅವರ ಮಂಚದ ಪಕ್ಕ ಕೂರತೊಡಗಿದೆ. ಆ ಕಠಿಣ ಮನುಷ್ಯ ಆಗ ಬಹಳ ಮೆತ್ತಗಾಗಿದ್ದರು. ಒಂದು ದಿನ ಇದ್ದಕ್ಕಿದ್ದಂತೆ, "ತಮ್ಮಾ, ಲೆಕ್ಕ ತಪ್ಪಿದ್ರ ಅಳಿಸಿ ಬರೀಬಹುದಿತ್ತು. ನಾ ಹೊಡದದ್ದನ್ನ ಅಳಸಾಕ ಬರೂದಿಲ್ಲ ನೋಡು" ಎಂದರು. ತಿರುಗಿ ಬರುವಾಗ ಬಸ್ಸಿನಲ್ಲೇ ಅದನ್ನು ಬರೆದುಕೊಂಡೆ. ಹೀಗೆ ಬರೆದದ್ದು ಒಂದು ಸಣ್ಣ ಪುಸ್ತಕವಾಯಿತು. ಬರುವ ರವಿವಾರ ಅವರು ಇರುತ್ತಾರೋ ಇಲ್ಲವೋ ಎಂಬಲ್ಲಿಗೆ ಅದು ಮುಗಿಯುತ್ತಿತ್ತು.

ಓದಿದವರು ಅತ್ತರು. ಹುಕ್ಕೇರಿಯ ಹೆಡ್ಮಾಸ್ತರರೊಬ್ಬರು ದಿನಕ್ಕೊಂದು ಪುಟದಂತೆ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಓದಿಸತೊಡಗಿದರು. ನಾನು ಉಬ್ಬಿಹೋದೆ. ಅಷ್ಟರಲ್ಲಿ ಮೇಳವಂಕಿಯ ರೈತನೊಬ್ಬ ಕಚೇರಿಗೆ ಬಂದ. ಮಾಸ್ತರರ ಹಳೆಯ ವಿದ್ಯಾರ್ಥಿ, ನನಗಿಂತ ಹಿರಿಯ. ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, ಅದರ ಮೇಲೆ ತನ್ನ ಬಲಗೈ ಇಟ್ಟ. ನಡುಬೆರಳು ಸೊಟ್ಟಗಿತ್ತು.

"ಇದನ್ನ ಯಾಕ ಬರೀಲಿಲ್ರಿ?"

"ಹೊಡದದ್ದಕ್ಕ ಮರಗಿದ್ದು ಬರದೇನಲ್ರಿ."

"ಮರಗಿದ್ದು ನಿಮ್ಮ ಮುಂದ. ಬೆರಳು ನಂದು."

ಹೊಟ್ಟೆಕಿಚ್ಚಿನ ಮನುಷ್ಯ ಎಂದುಕೊಂಡು ಮುಂದಿನ ಫೈಲು ತೆರೆದೆ.

ಅದೇ ಸುಮಾರಿಗೆ ಮಾಸ್ತರರ ಅಳಿಯ ಅವರನ್ನು ಬೇರೆ ವೈದ್ಯರ ಬಳಿ ಕರೆದೊಯ್ದಿದ್ದ. ಅದು ಗಡ್ಡೆಯಲ್ಲ, ಹೊಟ್ಟೆಯ ಕ್ಷಯ ಎಂದು ತಿಳಿಯಿತು. ಗುಳಿಗೆ ಶುರುವಾದವು. ಊತ ಇಳಿಯಿತು, ಅನ್ನ ಸೇರಿತು. ಅವರು ಸಂತೆಗೆ ಹೋದದ್ದು ಆಮೇಲೆ.

ಓದುಗರು ಎರಡು ಪಂಗಡವಾದರು. ಪುಸ್ತಕದ ಪುಣ್ಯದಿಂದಲೇ ಗುರುಗಳು ಉಳಿದರು ಎಂದು ಕೆಲವರು ಹೂವಿನ ಮಾಲೆ ಹಿಡಿದು ಅವರ ಮನೆಗೆ ಹೋದರು. ಹೋದವರಿಗೆ ಮಾಸ್ತರರು, "ಚಪ್ಪಲಿ ಹೊರಗ ಬಿಡ್ರಿ, ಅಷ್ಟೂ ತಿಳ್ಯಾಂಗಿಲ್ಲಾ?" ಎಂದು ಗದರಿಸಿದರಂತೆ. ಉಳಿದವರಿಗೆ ನಾನು ಮೋಸಗಾರನಾದೆ. ಗೋಕಾಕದ ಬಸ್ ಸ್ಟ್ಯಾಂಡಿನಲ್ಲಿ ಗುರುತಿನ ವ್ಯಾಪಾರಿಯೊಬ್ಬರು ನನ್ನನ್ನು ತಡೆದು, "ಸಾಯ್ತಾರಂತ ಹೇಳಿ ನಮ್ಮ ಮನ್ಯಾಗಿನವ್ರನ್ನೆಲ್ಲಾ ಅಳಿಸಿದ್ರಲ್ರಿ!" ಎಂದರು. ಸತ್ತಿದ್ದರೆ ಇವರಿಗೆ ಸಮಾಧಾನವಾಗುತ್ತಿತ್ತೇ ಎಂದು ರೇಗಿ ಹೋಯಿತು. ಅದೇ ಪ್ರಶ್ನೆ ನನ್ನ ಕಡೆಗೂ ತಿರುಗುತ್ತದೆಂದು ಗೊತ್ತಿದ್ದರಿಂದ ಸಿಕ್ಕ ಬಸ್ಸು ಹತ್ತಿದೆ.

ಹುಕ್ಕೇರಿಯ ಹೆಡ್ಮಾಸ್ತರರು ಶಾಲೆಯಲ್ಲಿ ಪುಸ್ತಕದ ಚರ್ಚೆ ಇಟ್ಟರು, ನಮ್ಮಿಬ್ಬರನ್ನೂ ಕರೆದರು. ಬರಬೇಡಿರೆಂದು ನಾನು ಎಷ್ಟು ಹೇಳಿದರೂ ಮಾಸ್ತರರು ಕೇಳಲಿಲ್ಲ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನಗಿಂತ ಮೊದಲೇ ಹೋಗಿ ಕೂತಿದ್ದರು.

ಮೊದಲು ಎದ್ದವರು ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡ ತೀರಿಕೊಂಡ ಮೇಲೆ ಈ ಪುಸ್ತಕವನ್ನು ದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದೆ ಎಂದರು. ಅವರ ಹಿಂದೆಯೇ ಕಾಲೇಜಿನ ಉಪನ್ಯಾಸಕರೊಬ್ಬರು ಎದ್ದು, ಇದೆಲ್ಲ ಬೆಲ್ಲದ ಪಾಕ, ಮೈಯಲ್ಲಿ ಶಕ್ತಿ ಇಲ್ಲದಾಗ ಎಲ್ಲರೂ ಸಂತರೇ ಎಂದರು. ಚಪ್ಪಾಳೆ ಇಬ್ಬರಿಗೂ ಬಿತ್ತು. ಹಿಂದಿನ ಸಾಲಿನಲ್ಲಿ ಮೇಳವಂಕಿಯ ರೈತನೂ ಇದ್ದ. ಅವನು ಎದ್ದು ನಿಂತು ಮಾಸ್ತರರನ್ನೇ ನೋಡುತ್ತಿದ್ದ.

ಮಾಸ್ತರರು ಮೈಕು ಹಿಡಿದರು. "ನಲವತ್ತೊಂದನೇ ಪುಟದಾಗ ಇವ ಬರದ ಲೆಕ್ಕ ತಪ್ಪೈತಿ. ಮೊದಲ ಅದನ್ನ ತಿದ್ದಕೋರಿ" ಎಂದರು. ಜನ ನಕ್ಕರು. "ಉಳಿದ ಮಾತು ನಾ ಆಡಿದ್ದು ಖರೆ. ಹೆದರಿದ್ದೆ, ಅದಕ್ಕ ಆಡಿದೆ. ಅದರಾಗ ದೊಡ್ಡ ಜ್ಞಾನ ಏನೂ ಇಲ್ಲ."

ಶಿಕ್ಷಕಿ ಕೂತಲ್ಲಿಂದಲೇ ಕೇಳಿದರು: "ಹಂಗಾರ ನಾ ಇಷ್ಟು ದಿನ ಹಿಡಕೊಂಡು ಕುಂತದ್ದು ಏನ್ರಿ ಸರ್?"

ಮಾಸ್ತರರು ಮೈಕು ಕೆಳಗಿಟ್ಟರು. ಆಮೇಲೆ, ನಿಂತೇ ಇದ್ದ ರೈತನ ಕಡೆ ತಿರುಗಿ, "ನೀನು ಮಗ್ಗಿ ಹೇಳು ಅಂದ್ರ ಓಡಿ ಹೋಗ್ತಿದ್ದಿ, ಹೌದಿಲ್ಲೋ?" ಎಂದರು. ರೈತ ಹೆಗಲ ಮೇಲಿನ ಟವೆಲು ಕೊಡವಿ ಹೊರಗೆ ನಡೆದ.

ಗೋಕಾಕಕ್ಕೆ ಮರಳುವ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. ಜನ್ಮದಲ್ಲಿ ಮೊದಲ ಸಲ ಅವರ ಮೇಲೆ ದನಿ ಎತ್ತಿದೆ.

"ಅವಗ ಒಂದ ಮಾತು ತಪ್ಪಾತು ಅಂದಿದ್ರ ನಿಮ್ಮ ಗಂಟು ಏನು ಹೋಗ್ತಿತ್ರಿ ಸರ್? ನನ್ನ ಮುಂದ ಅಂದಿದ್ರಲ್ಲ!"

ಅವರು ಕಿಟಕಿಯಾಚೆಯ ಕಬ್ಬಿನ ಹೊಲದ ಕಡೆ ತಿರುಗಿದರು. "ಸಾಯಾಕ ಬಿದ್ದಾಗ ಅನ್ನೂದು ಸಸಾರ ಐತಲೇ" ಎಂದರು. "ಮರುದಿನ ಅವನ ಮಾರಿ ನೋಡೂ ಪ್ರಸಂಗ ಇರೂದಿಲ್ಲ. ಈಗ ಪ್ರತಿ ವಾರ ಸಂತ್ಯಾಗ ಸಿಗ್ತಾನ."

ಪುಸ್ತಕ ಬರೆಯುವಾಗ ಈ ಮಾತು ಸಿಕ್ಕಿದ್ದರೆ ಎಂದು ಅನಿಸಿತು. ಅನಿಸಿದ್ದಕ್ಕೇ ನನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು.

ಹುಕ್ಕೇರಿಯ ಶಾಲೆಯಲ್ಲಿ ಪುಸ್ತಕ ಓದಿಸುವುದು ನಿಂತಿತು. ಮಾಸ್ತರರು ಮತ್ತೆ ಏಳು ವರ್ಷ ಬದುಕಿದರು. ನಾನು ಹೋಗುತ್ತಲೇ ಇದ್ದೆ, ಆದರೆ ನೋಟುಪುಸ್ತಕ ಒಯ್ಯುವುದನ್ನು ಬಿಟ್ಟೆ. ಅವರು ತೀರಿಕೊಂಡ ಮೇಲೆ, ಮಣ್ಣು ಮುಗಿಸಿ ಬರುವಾಗ ಮೇಳವಂಕಿಯ ರೈತ ನನ್ನ ಜೊತೆ ಹೆಜ್ಜೆ ಹಾಕಿದ.

"ಹ್ವಾದ ವರ್ಷ ನಮ್ಮ ಹೊಲಕ್ಕ ಬಂದಿದ್ರು" ಎಂದ. "ಒಬ್ಬರ, ಸೈಕಲ್ ಮ್ಯಾಲ. ಚಾ ಕುಡದ್ರು. ಮಳಿ ಬಗ್ಗೆ ಮಾತಾಡಿದ್ರು. ಒಂದು ತಾಸು ಕುಂತು ಎದ್ದು ಹ್ವಾದ್ರು. ಅದು ತಪ್ಪ ಒಪ್ಪಿಕೊಂಡಂಗೋ, ಅಲ್ಲೋ? ನೀವು ಬರಿಯಾವ್ರು, ನೀವ ಹೇಳ್ರಿ."

ನನಗೆ ತಿಳಿಯದು ಎಂದೆ. ಅವನಿಗೆ ಆ ಉತ್ತರ ಸಾಲಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಈಗ ಕೊನೆಯ ಅಧ್ಯಾಯ ಸೇರಿಸಿ ಮರುಮುದ್ರಣ ಮಾಡಬಹುದಲ್ಲ ಎಂದು ಆ ವಾರವೇ ಇಬ್ಬರು ಓದುಗರು ಕೇಳಿದರು. ಕೂತು ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಮಾಸ್ತರರು ಇದ್ದದ್ದಕ್ಕಿಂತ ಒಳ್ಳೆಯವರಾಗಿಬಿಡುತ್ತಿದ್ದರು. ಹರಿದು ಹಾಕಿದೆ.